ಹಳ್ಳದ ಬಿಸಿನೀರು, ಅಕ್ಕನ ಮಂಡಿ

ರಾಮನಗರ ಬೇರೆ ಜಿಲ್ಲೆಯಾದ ಮರುವರ್ಷ, ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಸಂಜೆ ನಾಲ್ಕೂ ಇಪ್ಪತ್ತಕ್ಕೆ, ನಾನು ಕಬ್ಬಾಳು ಬೆಟ್ಟದ ತಪ್ಪಲಿನ ಒಂದು ಹಳ್ಳದಲ್ಲಿ, ಎಡದಂಡೆಯ ಹೊಂಗೆಮರದ ಬೇರಿನ ಮೇಲೆ ನಿಂತಿದ್ದೆ. ನನಗೂ ನೀರಿಗೂ ನಡುವೆ ಎರಡು ಮಾರು. ನನಗೂ ಅಕ್ಕ ಕೂತಿದ್ದ ಚಪ್ಪಟೆ ಕಲ್ಲಿಗೂ ನಡುವೆ ಮೂರು ಮಾರು. ಈ ಅಳತೆಗಳನ್ನು ಆಮೇಲೆ ಒಬ್ಬನೇ ಹೋಗಿ ತೆಗೆದುಕೊಂಡು ಬಂದೆ. ಆ ಹೊತ್ತಿನಲ್ಲಿ ನಾನು ಬೇರೆ ಏನನ್ನೋ ಅಳೆಯುತ್ತಿದ್ದೆ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಈಗ ಇದು ನೆನಪಾದದ್ದು ಸೊಸೆಯ ಮಾತಿನಿಂದ. ಮೊಮ್ಮಗಳ ಸ್ನಾನಕ್ಕೆ ಬಕೆಟ್ಟಿನಲ್ಲಿ ನೀರು ಬೆರೆಸಿಡುವುದು ನನ್ನ ಕೆಲಸ. ನಾನು ಮೊದಲು ಕೈಯ ಹಿಂಭಾಗ ಅದ್ದುತ್ತೇನೆ. ಆಮೇಲೆ ಮೊಣಕೈ. ಒಂದರಿಂದ ಅರವತ್ತು ಎಣಿಸಿ ಮತ್ತೊಮ್ಮೆ ಮೊಣಕೈ. ಮೊನ್ನೆ ಸೊಸೆ ಬಾಗಿಲಲ್ಲಿ ನಿಂತು, "ಮಾವ, ಒಂದ್ಸಲ ನೋಡಿದ್ರೆ ಸಾಲದಾ?" ಅಂದಳು.

"ನೀರು ಬದಲಾಗುತ್ತದಮ್ಮ."

"ಬಕೆಟ್ಟಿನಲ್ಲಿರೋ ನೀರು ಹೇಗೆ ಮಾವ ಬಿಸಿಯಾಗುತ್ತೆ? ಆರುತ್ತೆ ಅಷ್ಟೆ."

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಬಕೆಟ್ಟಿನ ನೀರು ತಾನಾಗಿ ಬಿಸಿಯಾಗುವುದಿಲ್ಲವೆಂಬುದು ನನಗೂ ಗೊತ್ತು. ಆದರೂ ಅರವತ್ತು ಎಣಿಸದೆ ಮಗುವಿನ ಮೇಲೆ ಒಂದು ಚೊಂಬು ನೀರು ಹುಯ್ಯಲಾರೆ.

ನನಗೆ ನೀರು ಹುಯ್ದು ಬೆಳೆಸಿದವಳು ಅಕ್ಕ. ಹೊಂಗನೂರಿನ ನಮ್ಮ ಮನೆಯಲ್ಲಿ ಅವ್ವನಿಗೆ ಹೊಲ, ರೇಷ್ಮೆಹುಳು, ಎಮ್ಮೆ. ನನ್ನ ತಲೆಗೆ ಹರಳೆಣ್ಣೆ ಒತ್ತಿ ಬಚ್ಚಲಿಗೆ ಎಳೆದುಕೊಂಡು ಹೋಗುವ ಕೆಲಸ ನನಗಿಂತ ಎಂಟು ವರ್ಷ ದೊಡ್ಡವಳಾದ ಅವಳದ್ದು. ನಾನು ಬಚ್ಚಲ ಕಲ್ಲಿನ ಮೇಲೆ ಕುಕ್ಕರಿಸಿ, ಸೀಗೆಪುಡಿಗೆ ಹೆದರಿ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಅವಳು ಚೊಂಬಿನ ನೀರನ್ನು ಮೊದಲು ತನ್ನ ಪಾದದ ಮೇಲೆ ಚೂರು ಚೆಲ್ಲಿಕೊಳ್ಳುತ್ತಿದ್ದಳು, ಆಮೇಲೆ ನನ್ನ ಬೆನ್ನಿಗೆ. ಮುಚ್ಚಿದ ಬೆರಳುಗಳ ಸಂದಿಯಿಂದ ನನಗೆ ಕಾಣುತ್ತಿದ್ದುದು ಆ ಪಾದವೊಂದೇ. ಒಂದೊಂದು ದಿನ ಅದು ಥಟ್ಟನೆ ಹಿಂದೆ ಸರಿಯುತ್ತಿತ್ತು. ಆಗ ತೊಟ್ಟಿಯಿಂದ ಇನ್ನೊಂದು ಚೊಂಬು ತಣ್ಣೀರು ಬೀಳುತ್ತಿತ್ತು. ಅವಳಿಗೆ ಸುಟ್ಟಿತೆಂದು ನನಗೆ ಹೊಳೆದದ್ದೇ ಇಲ್ಲ. ಸ್ನಾನವೆಂದರೆ ಹಾಗೆಯೇ ಎಂದುಕೊಂಡಿದ್ದೆ.

ಅಕ್ಕನನ್ನು ಕಬ್ಬಾಳಿನ ಪಕ್ಕದ ಹಳ್ಳಿಗೆ ಮದುವೆ ಮಾಡಿಕೊಟ್ಟರು. ಎಷ್ಟೋ ವರ್ಷದ ಮೇಲೆ ನನಗೆ ಆ ಹಳ್ಳಿಯ ಹೈಸ್ಕೂಲಿಗೇ ವರ್ಗವಾಯಿತು. ಹೆಂಡತಿ ಮಕ್ಕಳನ್ನು ಚನ್ನಪಟ್ಟಣದಲ್ಲಿ ಶಾಲೆಗೆ ಹತ್ತಿರವಾಗಲಿ ಎಂದು ಬಿಟ್ಟು, ವಾರದ ಆರು ದಿನ ನಾನು ಅಕ್ಕನ ಮನೆಯಲ್ಲಿ ಇರತೊಡಗಿದೆ. ಹನ್ನೊಂದು ವರ್ಷ ಅವಳ ಕೈ ಮುದ್ದೆ ತಿಂದೆ. ಭಾವ ತೀರಿಹೋಗಿದ್ದರು, ಮಗ, ಸೊಸೆ ಇದ್ದರು. ಮನೆಯ ಹಿಂದೆ ಹುಳುಮನೆ. ಅಕ್ಕನ ಬದುಕೆಲ್ಲ ಆ ಹುಳುಮನೆಯೇ.

ರೇಷ್ಮೆಹುಳು ಸಾಕುವುದನ್ನು ನೋಡದವರಿಗೆ ಒಂದು ಮಾತು. ಹುಳುವಿಗೆ ದಿನಕ್ಕೆ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಕೆಳಗಿನ ತಟ್ಟೆಗೆ ಕುಕ್ಕರಿಸಬೇಕು, ಮೇಲಿನದಕ್ಕೆ ನಿಂತು ತುದಿಗಾಲಾಗಬೇಕು, ಮತ್ತೆ ಕುಕ್ಕರಿಸಬೇಕು. ಅಕ್ಕನಿಗೆ ಐವತ್ತೇಳು ತುಂಬುವ ಹೊತ್ತಿಗೆ ಎರಡೂ ಮಂಡಿ ಹಿಡಿದುಕೊಂಡವು. ಮೊದಲು ಕೋಲು ಬಂತು. ಆಮೇಲೆ ಹುಳುಮನೆಯ ಕೆಲಸ ಸೊಸೆಯ ಕೈಗೆ ಹೋಯಿತು. ಅಕ್ಕ ಬಾಗಿಲ ಹೊರಗೆ ಒಂದು ಗೋಣಿಚೀಲ ಹಾಸಿಕೊಂಡು ಕೂತು, ಒಳಗಿನ ಸದ್ದು ಕೇಳುತ್ತಿದ್ದಳು. ಸಾವಿರಾರು ಹುಳು ಸೊಪ್ಪು ತಿನ್ನುವಾಗ ಸಣ್ಣ ಮಳೆ ಬಿದ್ದಂಥ ಸದ್ದಾಗುತ್ತದೆ.

"ಮೂಲೆ ತಟ್ಟೆಗೆ ಸಾಲ್ದು ಕಣವ್ವ, ಅಲ್ಲಿ ಸದ್ದು ನಿಂತೋಗೈತೆ," ಎಂದು ಹೊರಗಿನಿಂದಲೇ ಹೇಳುತ್ತಿದ್ದಳು. ಸೊಸೆ ನೋಡಿದರೆ ಮೂಲೆಯ ತಟ್ಟೆ ಖಾಲಿ.

ಒಂದು ದಿನ ನನ್ನನ್ನು ಕೂರಿಸಿಕೊಂಡು, "ಲೋ, ನಂಗೆ ಬೇರೇನೂ ಬ್ಯಾಡ. ಇನ್ನೊಂದ್ ಬೆಳೆಗಾದ್ರೂ ಆ ಬಾಗ್ಲ ಒಳಗೋಗಿ ನನ್ ಕೈಲೇ ಸೊಪ್ಪಾಕ್ಬೇಕು. ಇಲ್ಲಿ ಕುಂತ್ಕಂಡ್ ಕಾಯಾದು ಬಾಳಾ ಕಷ್ಟ ಕಣ್ಲಾ," ಅಂದಳು. ನಾನು ಕನಕಪುರದಿಂದ ಒಂದು ಮುಲಾಮು ತಂದುಕೊಟ್ಟೆ. ತಂದುಕೊಟ್ಟು ನನ್ನ ಪಾಲಿನದು ಆಯಿತೆಂದುಕೊಂಡೆ.

ಇನ್ನು ಲಿಂಗರಾಜು. ಅಕ್ಕನ ಮೈದುನ, ಅದೇ ಊರಿನವನು. ಕೊಡಗಿನ ತೋಟವೊಂದರಲ್ಲಿ ಒಂಬತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದು ವಾಪಸು ಬಂದಾಗ ಒಂದು ಗೋಣಿಚೀಲದ ತುಂಬ ಕಾಫಿ ಸಸಿ ತಂದಿದ್ದ. ರಾಗಿ, ಮಾವು, ಹಿಪ್ಪುನೇರಳೆ ಬೆಳೆಯುವ ಊರಿಗೆ ಕಾಫಿ! ಮಾವಿನ ಮರಗಳ ನೆರಳಿನಲ್ಲಿ ನೆಟ್ಟು, ಬೋರ್‌ವೆಲ್ಲಿನಿಂದ ನೀರು ಕುಡಿಸಿ, ಬೇಸಗೆಯಲ್ಲಿ ಗಿಡಗಳ ಬುಡಕ್ಕೆ ತೆಂಗಿನ ಸಿಪ್ಪೆ ಹಾಸಿ, ಮಕ್ಕಳಂತೆ ಕಾದ. ಊರವರು ತೋಟದ ಮುಂದೆ ಹಾಯುವಾಗಲೆಲ್ಲ, "ಏನ್ಲಾ ಲಿಂಗರಾಜ, ಕಾಫಿ ರೆಡಿನಾ?" ಎಂದು ಕೂಗಿ ಹೋಗುತ್ತಿದ್ದರು. ಐದನೆಯ ವರ್ಷ ಹಣ್ಣು ಕೆಂಪಾಯಿತು. ಬಾಣಲೆಯಲ್ಲಿ ಹುರಿದು, ಪುಡಿ ಮಾಡಿ, ಮೊದಲ ಲೋಟವನ್ನು ಅತ್ತಿಗೆಗೆ ತಂದುಕೊಟ್ಟ. ಅಕ್ಕ ಒಂದು ಗುಟುಕು ಕುಡಿದು ಬಹಳ ಹೊತ್ತು ಯೋಚಿಸಿ, "ಉಳ್ಳಿಕಾಳು ಉರ್ದಂಗೈತೆ. ಬೆಲ್ಲ ಒಸಿ ಜಾಸ್ತಿ ಆಕಿದ್ರೆ ಕುಡೀಬೋದು," ಅಂದಳು. ಅವನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡ.

ಆ ವರ್ಷ ದಸರೆಯ ರಜೆ ಮುಗಿದ ಮೇಲೆ ಹಳ್ಳದಲ್ಲಿ ಬಿಸಿನೀರು ಬಂತು.

ಬಂತು ಎಂದರೆ ಎರಡು ಬಂಡೆಗಳ ಸಂದಿಯಿಂದ, ಲಂಟಾನದ ಪೊದೆಯ ಬುಡದಲ್ಲಿ, ತೋಳಿನಷ್ಟು ದಪ್ಪ ಧಾರೆ. ತಿಳಿಯಾಗಿತ್ತು. ಬೆಳಗಿನ ಚಳಿಯಲ್ಲಿ ಅದರಿಂದ ಆವಿ ಏಳುತ್ತಿತ್ತು. ದನ ಬಿಡಲು ಹೋದ ಹೆಂಗಸರು ಮೊದಲು ಕಂಡರು. ವಾರದೊಳಗೆ ಬಂಡೆಯ ಪಕ್ಕ ಮೂರು ಕಲ್ಲು ನಿಂತವು, ಅರಿಶಿನ ಕುಂಕುಮ ಬಿತ್ತು, ಹಸಿರು ಬಳೆ ಬಂತು. ಬಿಸಿನೀರಮ್ಮ ಎಂದು ಹೆಸರಾಯಿತು. ಕಬ್ಬಾಳಮ್ಮನ ಕಡೇ ತಂಗಿಯೆಂದು ಸಂಬಂಧವೂ ಗೊತ್ತಾಯಿತು. ಮಂಗಳವಾರ, ಶುಕ್ರವಾರ ಅಮ್ಮನ ದಿನ. ಸಾಬೂನು ಹಾಕಬಾರದು, ಚಪ್ಪಲಿ ಮೆಟ್ಟಬಾರದು, ಬೇರೆ ವಾರ ಅಮ್ಮನನ್ನು ಎಬ್ಬಿಸಬಾರದು ಎಂದು ಕಟ್ಟಳೆಯಾಯಿತು. ಇದನ್ನೆಲ್ಲ ಯಾರು ತೀರ್ಮಾನ ಮಾಡಿದರೆಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಹೆಸರು ಹೇಳುತ್ತಿದ್ದರು.

ನಾನು ನಗುತ್ತಿದ್ದೆ. ನಗುತ್ತ ನಗುತ್ತ ಶಾಲೆಯ ಪ್ರಯೋಗಶಾಲೆಯ ಥರ್ಮಾಮೀಟರನ್ನು ಜೇಬಿಗಿಟ್ಟುಕೊಂಡು ಹೋಗಿ ಅದ್ದಿದೆ. ನಲವತ್ತನಾಲ್ಕು ಡಿಗ್ರಿ. ಮರುದಿನವೂ ನಲವತ್ತನಾಲ್ಕು. ಊರವರ ಮುಂದೆ ಗಂಭೀರವಾಗಿ, "ಭೂಮಿಯ ಒಳಗಿನ ಶಾಖ," ಎಂದೆ. ಅವರು ಕಲ್ಲು ನೆಟ್ಟಿದ್ದರು. ನಾನು ಅಂಕಿ ನೆಟ್ಟೆ.

ಇಲ್ಲಿ ಒಂದು ವಿಷಯವನ್ನು ಬಿಡದೆ ಬರೆಯಬೇಕು. ಮೊದಲ ದಿನ ಥರ್ಮಾಮೀಟರ್ ಅದ್ದಿ ತಲೆಯೆತ್ತಿದಾಗ, ಪೊದೆಯಾಚೆಗಿನ ಇಳಿಜಾರಿನಲ್ಲಿ ಹುಲ್ಲು ಒಂದು ಕಡೆ ಹೆಚ್ಚು ಹಸಿರಾಗಿದ್ದುದು ಕಂಡಿತು. ಹಸಿರು ಒಂದು ಪಟ್ಟೆಯಾಗಿತ್ತು. ಪಟ್ಟೆ ನೇರವಾಗಿತ್ತು, ಗೆರೆಪಟ್ಟಿ ಇಟ್ಟು ಎಳೆದಷ್ಟು ನೇರ. ನೀರು ಭೂಮಿಯಲ್ಲಿ ನೇರವಾಗಿ ನಡೆಯುವುದಿಲ್ಲ. ಎಂಟನೆಯ ತರಗತಿಯ ಹುಡುಗರಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೇನೆ. ಇಳಿಜಾರಿನ ನೆತ್ತಿಯಾಚೆ, ಸಾತನೂರು ಕಡೆಯ ರಸ್ತೆಗೆ ಮುಖ ಮಾಡಿ, ರಟ್ಟಿನ ಪೆಟ್ಟಿಗೆ ಮಾಡುವ ಹೊಸ ಕಾರ್ಖಾನೆಯೊಂದು ಆಗಿದೆಯೆಂದೂ ನಾನು ಕೇಳಿದ್ದೆ. ಆ ವರ್ಷಗಳಲ್ಲಿ ಬಿಡದಿಯಿಂದ ಹಾರೋಹಳ್ಳಿಯವರೆಗೆ ಎಲ್ಲಿ ನೋಡಿದರೂ ಹೊಸ ಶೀಟಿನ ಸೂರು ಏಳುತ್ತಿತ್ತು. ಒಂದನ್ನು ಹೋಗಿ ನೋಡಿಬರುವಂಥದೇನೂ ಇರಲಿಲ್ಲ. ಆದರೂ ಆ ಹಸಿರು ಪಟ್ಟೆಯ ಜಾಡು ಹಿಡಿದು ಹೋಗಬಹುದಿತ್ತು. ಹೋಗಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಅಕ್ಕ ಅಲ್ಲಿಗೆ ಹೋಗಲು ಶುರುಮಾಡಿದ್ದಳು. ವಾರದ ಕಟ್ಟಳೆ ಅವಳಿಗೆ ಲೆಕ್ಕಕ್ಕಿರಲಿಲ್ಲ. "ನೋವು ವಾರ ನೋಡ್ಕಂಡ್ ಬತ್ತದಾ?" ಎಂದು ದಿನಾ ಬೆಳಿಗ್ಗೆ ಕೋಲೂರಿಕೊಂಡು ಒಂದು ಮೈಲಿ ಹೋಗಿ, ಚಪ್ಪಟೆ ಕಲ್ಲಿನ ಮೇಲೆ ಕೂತು, ಮಂಡಿಯವರೆಗೆ ಕಾಲು ಇಳಿಬಿಟ್ಟು, ಅರ್ಧ ಗಂಟೆ ಇದ್ದು ಬರುತ್ತಿದ್ದಳು. ಹದಿನೈದು ದಿನಕ್ಕೆ ರಾತ್ರಿಯ ನರಳಾಟ ನಿಂತಿತು. ತಿಂಗಳಿಗೆ ಹೊಸಿಲು ದಾಟಲು ಗೋಡೆ ಹಿಡಿಯುವುದು ನಿಂತಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ಕೋಲನ್ನು ಮನೆಯಲ್ಲೇ ಮರೆತು ಹೋದಳು. ಮರೆತದ್ದು ಅವಳಿಗೆ ಹಳ್ಳ ಮುಟ್ಟಿದ ಮೇಲೆ ಗೊತ್ತಾಯಿತಂತೆ. ಅಲ್ಲೇ ಕೂತು ಅತ್ತಳಂತೆ. ಅಂಥ ನೀರಿನ ಹಿಂದೆ ಹೋಗಿ ಅದರ ಊರು ಕೇರಿ ವಿಚಾರಿಸಲು ನನಗೆ ಮನಸ್ಸು ಬರಲಿಲ್ಲ.

ಲಿಂಗರಾಜುವಿಗೆ ಹೊಳೆದದ್ದು ಬೇರೆ. ಬೆಂಗಳೂರಿನವರು ಭಾನುವಾರ ಬೆಟ್ಟ ಹತ್ತಲು ಬರುತ್ತಾರೆ, ಹತ್ತಿ ಇಳಿದು ಹೋಗುತ್ತಾರೆ. ಅವರನ್ನು ಒಂದು ದಿನ ಪೂರ್ತಿ ಇಲ್ಲೇ ನಿಲ್ಲಿಸಿಕೊಂಡರೆ? ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಕಾಫಿ ತೋಟ ಮತ್ತು ಊಟ, ಸಂಜೆ ಬಿಸಿನೀರು. ಗೈಡು ನಾನು.

"ಭಾವ, ನೀವು ಮೇಷ್ಟ್ರು. ಸುಳ್ಳೇಳಿದ್ರೂ ಪಾಠ ಮಾಡ್ದಂಗಿರ್ತದೆ," ಅಂದ.

ಕರಪತ್ರ ಬರೆದವನೂ ನಾನೇ. 'ಭೂಗರ್ಭದ ಶಾಖದಿಂದ ಸಹಜವಾಗಿ ಕಾದ, ಗಂಧಕಯುಕ್ತ ಚಿಲುಮೆ' ಎಂದು ಬರೆದೆ. ಆ ನೀರಿನಲ್ಲಿ ನಾನು ಗಂಧಕದ ವಾಸನೆ ಕಂಡವನಲ್ಲ. ಓದಲು ಚೆನ್ನಾಗಿರುತ್ತದೆ ಎಂದು ಸೇರಿಸಿದೆ, ಅಷ್ಟೆ.

ಆ ಭಾನುವಾರ ಟೆಂಪೋದಲ್ಲಿ ಹದಿಮೂರು ಜನ ಬಂದರು. ಬ್ಯಾಂಕಿನಿಂದ ನಿವೃತ್ತರಾಗಿದ್ದ ವಿಮಲಾ ಮೇಡಂ ಎಂಬವರು ಅವರಿಗೆಲ್ಲ ಹಿರಿಯರು. ತಲೆಗೆ ಸ್ಕಾರ್ಫು, ಕೈಯಲ್ಲಿ ಸಣ್ಣ ನೋಟ್‌ಬುಕ್ಕು. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವವರನ್ನು ಕಂಡರೆ ನನಗೆ ಮಾತು ಹೆಚ್ಚಾಗುತ್ತದೆ. ಬೆಟ್ಟದ ಅರ್ಧದಲ್ಲಿ ಬಂಡೆಯ ಮೇಲೆ ಕೂತು ಏದುಸಿರು ಬಿಡುತ್ತಲೇ ಶಿಲೆಗಳ ವಯಸ್ಸಿನ ಬಗ್ಗೆ ಪಾಠ ಮಾಡಿದೆ. ಅಲ್ಲಿಂದ ಮುಂದಕ್ಕೆ ಅವರೇ ನನ್ನ ಕೈ ಹಿಡಿದು ಹತ್ತಿಸಿದರು.

ತೋಟಕ್ಕೆ ನಾವು ಇಳಿದು ಬರುವ ಹೊತ್ತಿಗೆ ನಜೀರ್ ಸಾಬರು ಬಂದಿದ್ದರು. ರಾಮನಗರದಲ್ಲಿ ಅವರದ್ದು ನೂಲು ತೆಗೆಯುವ ಕೆಲಸ. ಅಕ್ಕನ ರೇಷ್ಮೆಗೂಡನ್ನು ಮಾರ್ಕೆಟ್ಟಿನ ಹರಾಜಿನಲ್ಲಿ ಇಪ್ಪತ್ತು ವರ್ಷದಿಂದ ಕೂಗಿ ಕೊಳ್ಳುತ್ತಿದ್ದವರು. ಬಿಸಿನೀರಿನ ಬೋಗುಣಿಯಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹಿಡಿಯುವುದು ಆ ಕಸುಬು. ಅವರ ಬೆರಳುಗಳು ಬಿಳಿಚಿ, ತುದಿ ಬಿರಿದು, ನೆನೆದ ಕಾಗದದಂತೆ ಇದ್ದವು.

"ಮೂವತ್ ವರ್ಸ ಬಿಸಿನೀರಲ್ಲೇ ಕೈ ಇಟ್ಟಿದೀನಿ ಮೇಷ್ಟ್ರೇ, ಎಲ್ಲಾ ಕೈ ತಿನ್ನೋ ನೀರೇ. ಒಳ್ಳೇದ್ ಮಾಡೋ ಬಿಸಿನೀರು ಒಂದೈತೆ ಅಂತ ಅಕ್ಕ ಹೇಳಿದ್ರು. ನೋಡ್ಬಾರ್ದಾ?" ಅಂದರು.

ಲಿಂಗರಾಜು ಕೆಂಪು ಹಣ್ಣು ಬಿಡಿಸಿ ಎಲ್ಲರ ಬಾಯಿಗೆ ಒಂದೊಂದು ಇಟ್ಟ. ಸಿಪ್ಪೆಯ ಸಿಹಿ ಕಂಡು ಬೆಂಗಳೂರಿನವರು ಮಕ್ಕಳಂತೆ ಇನ್ನೊಂದು ಬೇಡಿದರು. ಅವನ ಮುಖ ನೋಡಬೇಕಿತ್ತು. ಐದು ವರ್ಷದ ಅಣಕವೆಲ್ಲ ಆ ಒಂದು ಮಧ್ಯಾಹ್ನದಲ್ಲಿ ತೊಳೆದುಹೋಯಿತು. ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಬಡಿಸಿದವಳು ಅಕ್ಕ. ಲಿಂಗರಾಜು ಅವಳನ್ನು ಕೈ ಮಾಡಿ ತೋರಿಸಿ, "ನಮ್ಮತ್ಗೆ ನೋಡಿ ಸಾರ್! ಮೂರ್ ತಿಂಗ್ಳಿಂದೆ ಕೋಲಿಲ್ದೆ ಎದ್ದೇಳೋರಲ್ಲ. ಈಗ ನೋಡಿ!" ಎಂದ.

"ನಾನೇನ್ ದನದ್ ಸಂತೇಲಿರೋ ಎತ್ತೇನ್ಲಾ, ನಡ್ಸಿ ತೋರ್ಸಕೆ?" ಅಂದಳು ಅಕ್ಕ. ಎಲ್ಲರೂ ನಕ್ಕರು. ಆದರೂ ಎರಡು ಹೆಜ್ಜೆ ನೆಟ್ಟಗೆ ನಡೆದೇ ತೋರಿಸಿದಳು.

ಹಳ್ಳ ತಲುಪಿದಾಗ ಗಂಟೆ ನಾಲ್ಕು. ದಾರಿಯಲ್ಲಿ ಎದುರಾದ ಮುದುಕಿಯೊಬ್ಬಳು, "ಬಾನ್ವಾರ ಅಮ್ಮನ್ ವಾರ ಅಲ್ಲ ಕಣ್ರಪ್ಪ, ಓಗ್ಬ್ಯಾಡಿ," ಎಂದಳು. ನಾನು ಅದನ್ನು ವಿಮಲಾ ಮೇಡಮ್ಮಿಗೆ ಗ್ರಾಮೀಣ ನಂಬಿಕೆಗಳ ಉದಾಹರಣೆಯಾಗಿ ವಿವರಿಸಿದೆ. ಅವರು ಬರೆದುಕೊಂಡರು.

ಅತಿಥಿಗಳು ಕೆಳಗಿನ ಬಂಡೆಗಳ ಮೇಲೆ ಸಾಲಾಗಿ ಕೂತು ಕಾಲು ಬಿಟ್ಟರು. ಮೇಲಿನ ಚಪ್ಪಟೆ ಕಲ್ಲು, ಧಾರೆಗೆ ತೀರ ಹತ್ತಿರದ್ದು, ಅಕ್ಕನದು. ಅವಳ ಬಲಕ್ಕೆ ನಜೀರ್ ಸಾಬರು ಕುಕ್ಕರಿಸಿ ಎರಡೂ ಕೈ ನೀರಿಗೆ ಬಿಟ್ಟಿದ್ದರು. ಥರ್ಮಾಮೀಟರಿಗೆ ದಾರ ಕಟ್ಟಿ ನೀರಿಗೆ ಇಳಿಬಿಟ್ಟು, ದಾರದ ತುದಿ ಹಿಡಿದು ನಾನು ಹೊಂಗೆಯ ಬೇರಿನ ಮೇಲೆ ನಿಂತೆ. ಅಲ್ಲಿಂದ ಪಾಠ ಎಲ್ಲರಿಗೂ ಕೇಳುತ್ತಿತ್ತು.

ನಜೀರ್ ಸಾಬರು ಹೆಬ್ಬೆರಳು ತೋರುಬೆರಳು ಉಜ್ಜಿ ನೋಡಿಕೊಂಡರು. ಮೂಸಿದರು. ಇನ್ನೊಮ್ಮೆ ಉಜ್ಜಿದರು. ಎದ್ದು ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ, "ಮೇಷ್ಟ್ರೇ, ಈ ನೀರು ಜಾರ್ತಾ ಐತೆ. ಬಾಯ್ಲರ್‌ಗೆ ಉಪ್ಪು ಕಟ್ಬಾರ್ದು ಅಂತ ಔಷಧಿ ಹಾಕ್ತಾರಲ್ಲ, ಅಂಗೈತೆ. ಇದು ಬಾಯ್ಲರ್ ನೀರು," ಎಂದರು.

ನಾನು ಏನು ಹೇಳಿದೆನೆಂದು ಬರೆಯುತ್ತೇನೆ. "ಸುಮ್ಮನಿರಿ ಸಾಬ್ರೇ, ಜನ ಇದ್ದಾರೆ," ಎಂದೆ.

ಅವರು ನನ್ನ ಮುಖ ಒಮ್ಮೆ ನೋಡಿದರು. ವಾಪಸು ಹೋಗಿ ಅಕ್ಕನ ಪಕ್ಕದಲ್ಲೇ ಕೂತು, ಮತ್ತೆ ಕೈಯನ್ನು ನೀರಿಗಿಟ್ಟರು. ಈ ಸಲ ಉಜ್ಜಲಿಲ್ಲ. ಸುಮ್ಮನೆ ಇಟ್ಟುಕೊಂಡು ಕೂತರು, ಮಗುವಿನ ಹಣೆಯ ಮೇಲೆ ಕೈಯಿಟ್ಟ ಹಾಗೆ. ಅಷ್ಟು ಹೊತ್ತು ಎಷ್ಟಿರಬಹುದು? ಎರಡು ನಿಮಿಷ. ಆಮೇಲೆ ಅವರ ಭುಜ ಸೆಟೆಯಿತು.

"ಏಳಿ! ಎಲ್ಲಾ ಏಳಿ! ಕಾಲ್ ತೆಗೀರಿ ಮೇಲಕ್ಕೆ!"

ಕೆಳಗಿನವರು ಏನೆಂದು ತಿಳಿಯದೆಯೇ ಕಾಲೆತ್ತಿಕೊಂಡರು. ಬಿಸಿ ಅವರವರೆಗೆ ಮುಟ್ಟಲು ಇನ್ನೂ ಹೊತ್ತಿತ್ತು. ಅಕ್ಕ ಧಾರೆಯ ಬಾಯಲ್ಲಿದ್ದಳು. ಅಕ್ಕ ಏಳುವುದಕ್ಕೆ ಒಂದು ಕ್ರಮವಿತ್ತು: ಎರಡೂ ಅಂಗೈ ಪಕ್ಕಕ್ಕೆ ಊರಬೇಕು, ಮೈ ಎಡಕ್ಕೆ ತಿರುಗಬೇಕು, ಬಲ ಮಂಡಿ ಮಡಿಸಬೇಕು, ಆಮೇಲೆ ಎಡದ್ದು. ಅವಳು ಅಂಗೈ ಊರಿದ್ದಳು, ತಿರುಗುತ್ತಿದ್ದಳು. ಸಂದಿಯೊಳಗಿಂದ ಗಳಗಳ ಸದ್ದಾಯಿತು. ಧಾರೆ ದಪ್ಪವಾಯಿತು. ಆವಿ ಅವಳ ಸೊಂಟದವರೆಗೆ ಎದ್ದಿತು.

ಆಗ ನಾನು ದಾರ ಎಳೆದು ಥರ್ಮಾಮೀಟರ್ ಮೇಲೆತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಓದಿದೆ. "ಐವತ್ತೆಂಟು," ಎಂದು ಗಟ್ಟಿಯಾಗಿ ಹೇಳಿದೆ ಕೂಡ. ನೀರಿನಲ್ಲೇ ಬಿಟ್ಟಿದ್ದರೆ ಪಾದರಸ ಇನ್ನೂ ಏರುತ್ತಿತ್ತು.

ನಜೀರ್ ಸಾಬರು ಎರಡೂ ಕೈಗಳನ್ನು ಮೊಣಕೈವರೆಗೆ ನೀರಿಗೆ ಹಾಕಿ, ಅಕ್ಕನ ಎರಡು ಕಾಲನ್ನೂ ಒಟ್ಟಿಗೆ ಹಿಡಿದು ಮೇಲೆತ್ತಿ, ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹಿಂದಕ್ಕೆ ಜರುಗಿದರು. ಅಕ್ಕ ಕೂಗಲಿಲ್ಲ. "ಅವ್ವಾ," ಎಂದಳು, ಒಂದೇ ಸಲ.

ಆಮೇಲಿನದು ಬೇಗ ಬೇಗ ಆಯಿತು. ಲಿಂಗರಾಜು ಕಾಫಿಪುಡಿಯ ಡಬ್ಬ ಹಿಡಿದು ಓಡಿಬಂದು ಸುಟ್ಟ ಜಾಗಕ್ಕೆ ಮೆತ್ತಲು ಹೋದ. ನಜೀರ್ ಸಾಬರು ಅವನ ಕೈ ತಳ್ಳಿ, "ಪುಡಿ ಕುಡಿಯೋಕೆ ಕಣಪ್ಪ, ಬಳಿಯೋಕಲ್ಲ! ತಣ್ಣೀರ್ ತಗೊಂಬಾ, ಬರೀ ತಣ್ಣೀರು!" ಎಂದು ಗದರಿದರು. ವಿಮಲಾ ಮೇಡಂ ತಮ್ಮ ಬಾಟಲಿ ತೆರೆದು ಅಕ್ಕನ ಪಾದದ ಮೇಲೆ ಹುಯ್ಯತೊಡಗಿದರು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಬಾಟಲಿ ಮುಂದಿಟ್ಟರು. ಹದಿಮೂರು ಬಾಟಲಿಯ ನೀರು ಅಕ್ಕನ ಎರಡು ಪಾದದ ಮೇಲೆ ಹರಿಯಿತು. ಕನಕಪುರದ ಆಸ್ಪತ್ರೆಗೆ ಹೋಗುವಾಗ ಟೆಂಪೋದಲ್ಲಿ ಆ ಕಾಲುಗಳು ಮೇಡಮ್ಮಿನ ಮಡಿಲಲ್ಲಿದ್ದವು. ನಜೀರ್ ಸಾಬರು ಎದುರು ಸೀಟಿನಲ್ಲಿ ಕೈಗಳನ್ನು ಮೇಲೆ ಹಿಡಿದು ಕೂತಿದ್ದರು. ಮಣಿಕಟ್ಟಿನವರೆಗೆ ಅವರ ಕೈ ಬಿಸಿಗೆ ಪಳಗಿದ್ದು, ಏನೂ ಆಗಿರಲಿಲ್ಲ. ಅಲ್ಲಿಂದ ಮೊಣಕೈವರೆಗಿನ ಚರ್ಮ ಪಳಗಿದ್ದಲ್ಲ. ಅದು ಟೊಮೇಟೊ ಬಣ್ಣಕ್ಕೆ ತಿರುಗಿತ್ತು.

ಅಕ್ಕನ ಎಡಪಾದದ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತು, ಬಲಗಾಲಿಗೆ ಸಣ್ಣದೊಂದು. ಡಾಕ್ಟರು, ಇನ್ನೊಂದು ಕ್ಷಣ ತಡವಾಗಿದ್ದರೆ ಮಾತೇ ಬೇರೆಯಾಗುತ್ತಿತ್ತು ಎಂದರು. ಯಾವ ಕ್ಷಣದ ಮಾತೆಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನಾನೂ ಲಿಂಗರಾಜೂ ಹಸಿರು ಪಟ್ಟೆ ಹಿಡಿದು ನಡೆದೆವು. ಇನ್ನೂರ ನಲವತ್ತು ಹೆಜ್ಜೆ. ಅಷ್ಟೆ. ನೆತ್ತಿಯಲ್ಲಿ ಮಣ್ಣು ಸ್ವಲ್ಪ ಕುಸಿದು, ಹೂತಿದ್ದ ಪೈಪಿನ ಬೆನ್ನು ಕಾಣುತ್ತಿತ್ತು. ಆಚೆ ಕಾರ್ಖಾನೆಯ ಸೂರು, ಹೊಗೆಕೊಳವೆ. ಗೇಟಿನ ಕಾವಲುಗಾರ ಮುಚ್ಚುಮರೆ ಮಾಡಲಿಲ್ಲ. ದಿನವೂ ಮಷೀನಿನ ಬಿಸಿನೀರು ಹೋಗುತ್ತದೆ, ತಿಂಗಳಿಗೊಂದು ಭಾನುವಾರ ಸಂಜೆ ಬಾಯ್ಲರ್ ತೊಳೆದು ಪೂರ್ತಿ ಬಿಡುತ್ತಾರೆ ಎಂದ. ಲಿಂಗರಾಜು ಬಹಳ ಹೊತ್ತು ಪೈಪನ್ನೇ ನೋಡುತ್ತ ನಿಂತಿದ್ದ.

"ಭಾವ, ನಿಮ್ಗೆ ಗೊತ್ತಿತ್ತಾ?"

"ನೋಡಿರಲಿಲ್ಲ," ಎಂದೆ. ಅವನು ಇನ್ನೇನೂ ಕೇಳಲಿಲ್ಲ. ಅದಕ್ಕೆ ಅವನಿಗೆ ನಾನು ಇವತ್ತಿಗೂ ಋಣಿ.

ಊರಿನಲ್ಲಿ ಮಾತು ಬೇರೆಯಾಗಿತ್ತು. ಭಾನುವಾರ ಅಮ್ಮನ ವಾರವಲ್ಲ, ಹೋದರು, ಅನುಭವಿಸಿದರು ಎಂದರು. ಯೋಚಿಸಿ ನೋಡಿದರೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದುದೆಲ್ಲ ನನ್ನ ಕರಪತ್ರದಲ್ಲಿತ್ತು. ಉಳಿದ ಕರಪತ್ರಗಳನ್ನು ಅಕ್ಕನ ಸೊಸೆ ಹುಳುವಿನ ತಟ್ಟೆಗಳಿಗೆ ಹಾಸಿದಳು. 'ಗಂಧಕಯುಕ್ತ ಚಿಲುಮೆ'ಯ ಮೇಲೆ ಒಂದು ಬೆಳೆ ಹುಳು ಮಲಗಿ ಎದ್ದಿತು.

ಅಕ್ಕ ಮಂಚದ ಮೇಲಿದ್ದಳು. ಬ್ಯಾಂಡೇಜಿನ ಕಾಲುಗಳನ್ನು ದಿಂಬಿನ ಮೇಲೆ ಎತ್ತಿಟ್ಟಿತ್ತು. ಹಳ್ಳಕ್ಕೆ ಹೋಗುವುದು ನಿಂತು, ನಡಿಗೆ ನಿಂತು, ಮಂಡಿ ಮತ್ತೆ ಬಿಗಿಯತೊಡಗಿತ್ತು. ನಾಲ್ಕನೆಯ ದಿನ ನಾನು ಶಾಲೆಯಿಂದ ಬಂದು ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಪೈಪು, ಹಸಿರು ಪಟ್ಟೆ, ಮೊದಲ ದಿನವೇ ಕಂಡದ್ದು, ಹೋಗಿ ನೋಡದೆ ಬಿಟ್ಟದ್ದು. ನಜೀರ್ ಸಾಬರಿಗೆ ಸುಮ್ಮನಿರಿ ಎಂದದ್ದನ್ನೂ ಹೇಳಿದೆ.

ಅಕ್ಕ ಸೂರು ನೋಡುತ್ತ ಕೇಳಿಸಿಕೊಂಡಳು.

"ಅಂಗಾದ್ರೆ ಅಮ್ಮನ್ ನೀರಲ್ವಾ ಅದು?"

"ಅಲ್ಲ ಅಕ್ಕ."

"ಮತ್ತೆ ನನ್ ಮಂಡಿ ಎಂಗ್ಲಾ ವಾಸಿಯಾಯ್ತು?"

"ಬಿಸಿನೀರಿಗೆ ಆಯಿತು. ದಿನಾ ಕಾಲು ಬಿಟ್ಟೆಯಲ್ಲ, ದಿನಾ ನಡೆದೆಯಲ್ಲ, ಅದಕ್ಕೆ. ಯಾವ ಬಿಸಿನೀರಾದರೂ ಆಗುತ್ತಿತ್ತು."

"ಯಾವ್ ಬಿಸ್ನೀರಾದ್ರೂನಾ? ನಮ್ ಅಂಡೆ ನೀರಾದ್ರೂನಾ?"

"ಹೂಂ."

ಅವಳು ಬಚ್ಚಲ ಕಡೆ ಕಣ್ಣು ಹೊರಳಿಸಿದಳು. ಆಮೇಲೆ ನಗು ಬಂತು ಅವಳಿಗೆ. ಕಹಿಯ ನಗುವಲ್ಲ, ನಿಜವಾದ ನಗು, ಮಂಚ ಅಲುಗಿತು.

"ನೋಡ್ಲಾ. ಮನೆ ತುಂಬಾ ಜನ ಇದ್ದೀರ. ನಂಗೆ ಅಂತ ಎಲ್ಡ್ ಚೊಂಬು ನೀರ್ ಕಾಯ್ಸಬೇಕು ಅಂತ ಯಾರ್ಗೂ ತೋಚ್ಲಿಲ್ಲ, ನಂಗೂ ತೋಚ್ಲಿಲ್ಲ. ಯಾರೋ ಮುಖ ಕಾಣ್ದಿರೋರು ಕಾಯ್ಸಿ ಕಳ್ಸುದ್ರು," ಎಂದಳು.

ನನಗೆ ಮುಖ ಎತ್ತಲಾಗಲಿಲ್ಲ. ಅಷ್ಟು ವರ್ಷ ಅದೇ ಮನೆಯ ಹಂಡೆಯ ಬಿಸಿನೀರಿನಲ್ಲಿ ನಾನು ದಿನವೂ ಸ್ನಾನ ಮಾಡಿದ್ದೆ. ಅದನ್ನು ಕಾಯಿಸಿಡುತ್ತಿದ್ದವಳು ಅವಳು.

ಪಂಚಾಯಿತಿಗೆ ಒಂದು ಅರ್ಜಿ ಬರೆದುಕೊಟ್ಟೆ, ಈ ಸಲ ಗಂಧಕವಿಲ್ಲದೆ. ಎರಡು ತಿಂಗಳಲ್ಲಿ ಹಳ್ಳದ ನೀರು ನಿಂತಿತು. ಪೈಪು ಎಲ್ಲಿಗೆ ತಿರುಗಿತೆಂದು ನನಗೆ ಗೊತ್ತಿಲ್ಲ. ಕೇಳಿದ್ದೇನೆ, ಯಾರೂ ಹೇಳಿಲ್ಲ.

ಬೊಬ್ಬೆ ಆರಿದ ದಿನದಿಂದ ಸಂಜೆ ಶಾಲೆ ಬಿಟ್ಟ ಮೇಲೆ ಹಂಡೆಗೆ ಉರಿ ಹಾಕುವುದು ನನ್ನ ಕೆಲಸವಾಯಿತು. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಚೆನ್ನಾಗಿ ಉರಿಯುತ್ತದೆ. ದೊಡ್ಡ ಬೋಗುಣಿಯಲ್ಲಿ ನೀರು ಬೆರೆಸಿ, ಅಕ್ಕನ ಕಾಲು ಇಳಿಸಿ, ಮಂಡಿಯ ಮೇಲೆ ಚೊಂ‌ಬು ಚೊಂಬಾಗಿ ಹುಯ್ಯುತ್ತಿದ್ದೆ. ಮೊದಲ ದಿನ ಹೆದರಿ ಎಷ್ಟು ತಣಿಸಿದ್ದೆನೆಂದರೆ, "ಇದೇನ್ಲಾ, ಎಮ್ಮೆಗೆ ಕಲಗಚ್ಚು ಬೆರ್ಸಿದಂಗೈತೆ. ಒಸಿ ಬಿಸಿ ಮಾಡ್ಲಾ," ಎಂದು ಬೈದಳು. ಥರ್ಮಾಮೀಟರನ್ನು ನಾನು ಶಾಲೆಗೆ ವಾಪಸು ಕೊಟ್ಟಿದ್ದೆ. ಮೊಣಕೈ ಅದ್ದಿ, ಅರವತ್ತು ಎಣಿಸಿ, ಮತ್ತೆ ಅದ್ದಿ ನೋಡುವುದನ್ನು ಆಗ ಕಲಿತೆ. ಅವಳು ಅಷ್ಟೂ ಹೊತ್ತು ತಾಳ್ಮೆಯಿಂದ ಕಾಲು ಮೇಲೆತ್ತಿಕೊಂಡು ಕಾಯುತ್ತಿದ್ದಳು. ನೀರಾದ ಮೇಲೆ ನನ್ನ ಭುಜ ಹಿಡಿದು ಊರ ಬಾವಿಯವರೆಗೆ ನಡಿಗೆ. ಆಮೇಲೆ ಭುಜವಿಲ್ಲದೆ.

ಯುಗಾದಿ ಕಳೆದ ಮೇಲಿನ ಬೆಳೆಗೆ ಹುಳು ಮೇವು ಬಿಟ್ಟು ಹಣ್ಣಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಎಂಟು ಗಂಟೆಗೆ, ನಾನು ಶಾಲೆಗೆ ಹೊರಟು ಹುಳುಮನೆಯ ಬಾಗಿಲಲ್ಲಿ ನಿಂತಿದ್ದೆ. ಹೊರಗಿನ ಗೋಣಿಚೀಲದ ಮೇಲೆ ಯಾರೂ ಇರಲಿಲ್ಲ. ಅಕ್ಕ ಕಾಲು ತೊಳೆದುಕೊಂಡು ಒಳಗೆ ಹೋಗಿದ್ದಳು. ಕೆಳಗಿನ ತಟ್ಟೆಯ ಮುಂದೆ ಕುಕ್ಕರಿಸಿ, ಹಣ್ಣಾದ ಹುಳುವೊಂದನ್ನು ಎರಡು ಬೆರಳಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಹುಳುವಿನ ಮೈಯೊಳಗಿನಿಂದ ಬೆಳಕು ಜೇನಿನ ಬಣ್ಣದಲ್ಲಿ ಹಾಯ್ದುಬಂತು. ಅದನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು, ಒಂದು ಕೈಯೂರಿ, ಎದ್ದಳು. ನಾನು ಒಳಗೆ ಹೋಗಿ ಹಿಡಿಯಲಿಲ್ಲ. ಹುಳುಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವಂತಿಲ್ಲ; ಹಿಡಿಯುವ ಅಗತ್ಯವೂ ಇರಲಿಲ್ಲ.

ಆ ಭಾನುವಾರ ಸಂಜೆ ಹಳ್ಳದಲ್ಲಿ ಕಣ್ಣಾರೆ ಕಂಡವರಲ್ಲಿ ವಿಮಲಾ ಮೇಡಂ ತೀರಿಕೊಂಡರೆಂದು ಅವರ ಮಗಳು ಫೋನು ಮಾಡಿದ್ದರು. ಉಳಿದ ಹನ್ನೆರಡು ಜನರ ವಿಷಯ ನನಗೆ ತಿಳಿಯದು. ನಜೀರ್ ಸಾಬರು ರಾಮನಗರದಲ್ಲಿದ್ದಾರೆ. ಕೆಲಸ ಬಿಟ್ಟಿದ್ದಾರೆ, ನೀರಿನ ಬಗ್ಗೆ ಯಾರು ಕೇಳಿದರೂ ಅಳುಕಿಲ್ಲದೆ ಎಲ್ಲ ಹೇಳುತ್ತಾರೆ, ಸುಮ್ಮನಿರಿ ಎಂದು ನಾನು ಅವರಿಗಂದ ಮಾತೊಂದನ್ನು ಬಿಟ್ಟು. ಲಿಂಗರಾಜು ತೋಟದಲ್ಲಿದ್ದಾನೆ. ಅಕ್ಕ ಇದ್ದಾಳೆ. ಅವಳನ್ನೇ ಕೇಳಬೇಕೆನ್ನುವವರು ಬೆಳಗಿನ ಹೊತ್ತು ಹೋದರೆ ಹುಳುಮನೆಯ ಬಾಗಿಲ ಹೊರಗೆ ಸ್ವಲ್ಪ ಕಾಯಬೇಕಾಗುತ್ತದೆ, ಸೊಪ್ಪು ಹಾಕಿ ಮುಗಿಯುವವರೆಗೆ.